ಉಪ್ಪಿಗೆ ಜೀವವಿದೆಯೇ?

ಕೋಸಂಬರಿಗೆ ಉಪ್ಪು ಬೆರೆಸುವುದು ಎಲೆಗೆ ಬಡಿಸುವ ಹೊತ್ತಿಗೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಸೊರಗುತ್ತದೆ. ಸ್ಯಾನ್ ಹೋಸೆಯ ಎವರ್‌ಗ್ರೀನ್‌ನಲ್ಲಿರುವ ನಮ್ಮ ಮನೆಯಲ್ಲಿ ರಾಮನವಮಿಯ ದಿನ ನಾನು ಸೌತೆಕಾಯಿ ಹೆಚ್ಚುತ್ತಿದ್ದೆ. ಎವರ್‌ಗ್ರೀನ್ ವ್ಯಾಲಿ ಕಾಲೇಜಿನಲ್ಲಿ ಜೀವಶಾಸ್ತ್ರ ಓದುವ ಮಗಳು ಪಕ್ಕದಲ್ಲೇ ಕೂತು ಎರಡು ಪಟ್ಟಿ ಬರೆದುಕೊಳ್ಳುತ್ತಿದ್ದಳು. ಒಂದರಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು. ಇನ್ನೊಂದರಲ್ಲಿ ಮೈಟೋಕಾಂಡ್ರಿಯಾ, ರೈಬೋಸೋಮ್ ಮೊದಲಾದ ಕಣದಂಗಗಳು. ತಲೆ ಎತ್ತಿ ಕೇಳಿದಳು: “ಅಮ್ಮಾ, ಇವ್ಯಾವುದಕ್ಕೂ ಜೀವ ಇಲ್ಲ. ಹಾಗಾದ್ರೆ ಕೋಶಕ್ಕೆ ಜೀವ ಎಲ್ಲಿಂದ ಬಂತು?”

ಕಲ್ಲು ಜಡ, ಕರು ಚೇತನ ಎಂದು ಕಲಿತು ಬೆಳೆದವರು ನಾವು. ಜಗತ್ತಿನ ವಸ್ತುಗಳನ್ನು ಹೀಗೆ ಎರಡು ರಾಶಿ ಮಾಡಬಹುದೆಂದು ನಂಬಿದ್ದೇವೆ. ಕೋಶದೊಳಗೆ ಇಣುಕಿದರೆ ಆ ನಂಬಿಕೆ ನಿಲ್ಲುವುದಿಲ್ಲ. ನಮ್ಮ ಕೋಶಗಳ ಹೊರಗೆ ಸೋಡಿಯಂ ಒಳಗಿನದಕ್ಕಿಂತ ಸುಮಾರು 10 ಪಟ್ಟು ಹೆಚ್ಚು. ಪೊಟ್ಯಾಸಿಯಂ ಒಳಗೇ ಸುಮಾರು 30 ಪಟ್ಟು ಹೆಚ್ಚು. ಕ್ಯಾಲ್ಸಿಯಂ ಹೊರಗೆ ಸುಮಾರು 10,000 ಪಟ್ಟು. ಕೋಶದ ಪೊರೆ ಸದಾ ಸೋರುತ್ತಲೇ ಇರುವುದರಿಂದ ಈ ಅಂತರ ತಾನಾಗಿ ಉಳಿಯುವಂಥದ್ದಲ್ಲ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಗುರುತಿಸಿದ ಪಂಪು ಪ್ರತಿ ಸುತ್ತಿಗೂ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ತೂತುಬಿದ್ದ ದೋಣಿಯಲ್ಲಿ ಕೂತವನು ನೀರು ಮೊಗೆದು ಚೆಲ್ಲುತ್ತಲೇ ಇರುವ ಹಾಗೆ. ನಾವು ಸುಮ್ಮನೆ ಮಲಗಿದ್ದಾಗಲೂ ದೇಹದ ಶಕ್ತಿಯಲ್ಲಿ ಹತ್ತಿರಹತ್ತಿರ ಐದನೇ ಒಂದು ಪಾಲು ಇದಕ್ಕೇ ಹೋಗುತ್ತದೆ.

ಸಮತೋಲನವನ್ನು ನಾವು ಆರೋಗ್ಯದ ಇನ್ನೊಂದು ಹೆಸರೆಂಬಂತೆ ಹೊಗಳುತ್ತೇವೆ. ಕೋಶಕ್ಕಾದರೋ ಒಳಗೂ ಹೊರಗೂ ಸಮವಾದ ದಿನವೇ ಸಾವಿನ ದಿನ.

ಹಾಗಾದರೆ ಕಣದಂಗಗಳೇಕೆ? ಇನ್ನಷ್ಟು ಅಂತರಗಳನ್ನು ಕಾಯಲು ಕಟ್ಟಿಕೊಂಡ ಕೋಣೆಗಳು ಅವು. ಲೈಸೋಸೋಮ್ ತನ್ನೊಳಗೆ ಹುಳಿಯನ್ನು ಹಿಡಿದಿಟ್ಟುಕೊಂಡು ಜೀರ್ಣದ ಕೆಲಸ ಮಾಡುತ್ತದೆ. ಹೃದಯದ ಸ್ನಾಯುವಿನ ಒಳಜಾಲ ಕ್ಯಾಲ್ಸಿಯಂ ಕೂಡಿಟ್ಟು, ಬಡಿತಕ್ಕೊಮ್ಮೆ ಬಿಟ್ಟು, ಮತ್ತೆ ಎಳೆದುಕೊಳ್ಳುತ್ತದೆ. ಎದೆಬಡಿತವೆಂದರೆ ಈ ಬಿಡುವುದು, ಎಳೆಯುವುದು. ಮೈಟೋಕಾಂಡ್ರಿಯಾ ಒಳಪೊರೆಯ ಆಚೆಗೆ ಪ್ರೋಟಾನುಗಳನ್ನು ಒಟ್ಟುತ್ತದೆ. ಅವು ಹಿಂದಕ್ಕೆ ಹರಿಯುವಾಗ, ಅಣೆಕಟ್ಟಿನ ನೀರು ಟರ್ಬೈನು ತಿರುಗಿಸುವಂತೆ, ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿ ತಯಾರಾಗುತ್ತದೆ.

ಈ ಕೊನೆಯ ಮಾತಿನ ಪುರಾವೆಗೂ ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೂ ನಂಟಿದೆ. ಎವರ್‌ಗ್ರೀನ್‌ನಿಂದ ಉತ್ತರಕ್ಕೆ ನ್ಯೂವಾರ್ಕ್ ಕಡೆ ಹೋದರೆ ಕೊಲ್ಲಿಯ ಅಂಚಿನಲ್ಲಿ ಉಪ್ಪಿನ ಆಗರಗಳಿವೆ. ಗೋಕರ್ಣದ ಬಳಿಯ ಸಾಣಿಕಟ್ಟೆ ನೋಡಿದವರಿಗೆ ಆ ಒಡ್ಡು, ಆ ಮಡಿಗಳು ಗುರುತು ಸಿಗುತ್ತವೆ. ಉಪ್ಪು ಗಟ್ಟಿಯಾದಂತೆ ನೀರು ಕೆಂಪಾಗುತ್ತದೆ. ಸೌತೆಕಾಯಿಯನ್ನು ಸೊರಗಿಸುವ ಉಪ್ಪಿನಲ್ಲೇ ಸುಖವಾಗಿ ಬಾಳುವ ಸೂಕ್ಷ್ಮಜೀವಿಗಳ ಬಣ್ಣ ಅದು. ಅವುಗಳಲ್ಲಿ ಹ್ಯಾಲೋಬ್ಯಾಕ್ಟೀರಿಯಂ ಒಳಗೂ ಹೊರಗಿನಷ್ಟೇ ಉಪ್ಪು ತುಂಬಿಕೊಳ್ಳುತ್ತದೆ. ಹೊರಗೆ ಸೋಡಿಯಂ, ಒಳಗೆ ಪೊಟ್ಯಾಸಿಯಂ. ಪ್ರಮಾಣ ಸಮವಾದರೂ ಬಗೆ ಸಮವಾಗಲು ಅದು ಬಿಡುವುದಿಲ್ಲ. ಅದರ ನೇರಳೆ ಪೊರೆಯಲ್ಲಿ ಬೆಳಕು ಹೀರುವ ಪ್ರೋಟೀನನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ವಿಜ್ಞಾನಿ ಸ್ಟೋಕೇನಿಯಸ್, ಓಸ್ಟರ್‌ಹೆಲ್ಟ್ ಜೊತೆಗೂಡಿ 1971ರಲ್ಲಿ ತೋರಿಸಿಕೊಟ್ಟರು. 1974ರಲ್ಲಿ ರ‍್ಯಾಕರ್ ಮತ್ತು ಸ್ಟೋಕೇನಿಯಸ್ ಅದನ್ನು ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ಕೂರಿಸಿ, ದನದ ಹೃದಯದ ಮೈಟೋಕಾಂಡ್ರಿಯಾದಿಂದ ತೆಗೆದ ಕಿಣ್ವವನ್ನು ಜೊತೆಗಿಟ್ಟು ಬೆಳಕು ಬಿಟ್ಟರು. ಆ ಪ್ರೋಟೀನು ಪ್ರೋಟಾನುಗಳನ್ನು ಪೊರೆ ದಾಟಿಸಿತು, ಅವು ಹಿಂದಕ್ಕೆ ಹರಿದಾಗ ಎಟಿಪಿ ಹುಟ್ಟಿತು. ಪ್ರೋಟಾನುಗಳ ಹರಿವೇ ಎಟಿಪಿ ಮಾಡುತ್ತದೆಂದು ಪೀಟರ್ ಮಿಚೆಲ್ 1961ರಲ್ಲಿ ಮಂಡಿಸಿದ್ದ ವಾದಕ್ಕೆ ಬಲ ಬಂತು.

ಇಲ್ಲೇ ಒಂದು ಆಕ್ಷೇಪ ಏಳುತ್ತದೆ. ಆ ಗುಳ್ಳೆಗೆ ಜೀವವಿತ್ತೇ? ಇರಲಿಲ್ಲ. ಅಂತರವೊಂದಿದ್ದರೆ ಸಾಲದು ಎಂದಾಯಿತು. ನಿಜ, ಆ ಗುಳ್ಳೆಯ ಅಂತರ ಗುಳ್ಳೆಯನ್ನು ಕಟ್ಟುತ್ತಿರಲಿಲ್ಲ. ಪಂಪು ಹಳತಾದರೆ ಹೊಸದು ಮಾಡುವವರು ಅಲ್ಲಿರಲಿಲ್ಲ. ಕೋಶದಲ್ಲಿ ಪಂಪನ್ನು ಹೆಣೆಯುವುದು ರೈಬೋಸೋಮ್. ಆ ರೈಬೋಸೋಮಿನ ಎರಡು ತುಂಡುಗಳು ಕೂಡಿ ನಿಲ್ಲಬೇಕಾದರೆ ಮೆಗ್ನೀಸಿಯಂ ಬೇಕು. ಅದು ತೀರ ಕಡಿಮೆಯಾದರೆ ಬೇರೆಯಾಗುತ್ತವೆ. ಅಯಾನು ಕಣದಂಗವನ್ನು ನಿಲ್ಲಿಸುತ್ತದೆ, ಕಣದಂಗ ಪಂಪನ್ನು ಮಾಡುತ್ತದೆ, ಪಂಪು ಅಯಾನುಗಳನ್ನು ಕಾಯುತ್ತದೆ. ಮಗಳ ಎರಡು ಪಟ್ಟಿಗಳು ನಿಜಕ್ಕೂ ಒಂದೇ ಸುತ್ತಿನ ಎರಡು ಅರ್ಧಗಳು. ಅಂತರವು ತನ್ನನ್ನು ಕಾಯುವವರನ್ನು ತಾನೇ ಪೋಷಿಸುವ ಈ ಸುತ್ತನ್ನೇ ನಾನು ಜೀವ ಎನ್ನುತ್ತೇನೆ. ಉಸಿರು ನಿಂತ ಗಳಿಗೆಯಲ್ಲಿ ದೇಹದ ಉಪ್ಪೆಲ್ಲ ಅಲ್ಲೇ ಇರುತ್ತದೆ. ನಿಲ್ಲುವುದು ದುಡಿಮೆ.

ಮಗಳು ಪಟ್ಟಿಗಳ ನಡುವೆ ಬಾಣಗಳನ್ನು ಎಳೆದಳು. “ಇದು ಸುತ್ತಾದ್ರೆ ಶುರು ಎಲ್ಲಿ?” ಎಂದಳು.

ಇಂದಿರುವ ಯಾವ ಕೋಶವೂ ಇದನ್ನು ಸೊನ್ನೆಯಿಂದ ಶುರು ಮಾಡಿಲ್ಲ. ತಾಯಿಕೋಶ ಎರಡಾಗುವಾಗ ನಡೆಯುತ್ತಿರುವ ಪಂಪುಗಳನ್ನೇ, ಕಾದ ಅಂತರವನ್ನೇ ಹಂಚಿಕೊಡುತ್ತದೆ. 350 ಕೋಟಿ ವರ್ಷಗಳಿಂದ ನಮ್ಮವರೆಗೆ ಬಂದ ಸಾಲಿನಲ್ಲಿ ಅದು ಒಮ್ಮೆಯೂ ಕಡಿದಿಲ್ಲ. ಕೌಂಟರಿನ ಮೇಲೆ ರಾತ್ರಿ ಹೆಪ್ಪು ಹಾಕಿಟ್ಟ ಮೊಸರಿನ ಪಾತ್ರೆಯಿತ್ತು. ಮುಚ್ಚಳ ತೆಗೆದು ಮಗಳಿಗೆ ತೋರಿಸಿದೆ.