ತಳಕ್ಕೆ ಇಳಿಯುವ ಅನ್ನ

ಉಳಿದದ್ದನ್ನು ಕೊಟ್ಟರೆ ಅದು ದಾನವೇ? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಒಂದು ಸರೋವರದ ತಳದಲ್ಲಿರುವ ಕ್ಷುದ್ರಜೀವಿಗಳ ಬಗ್ಗೆ ಓದಿದ ಮೇಲೆ.

ಅಮೆರಿಕದ ಮಿಶಿಗನ್ ಸರೋವರದ ಕೆಸರಿನಲ್ಲಿ ಡೈಪೊರಿಯಾ ಎಂಬ, ಸಿಗಡಿಯನ್ನು ಹೋಲುವ ಜೀವಿ ಹೇರಳವಾಗಿತ್ತು. ಉದ್ದ ಒಂದು ಸೆಂಟಿಮೀಟರಿನಷ್ಟು. ಬೆಳಕಿಲ್ಲದ ಆ ಆಳದಲ್ಲಿ ಹಸಿರು ಬೆಳೆಯದು. ಮೇಲಿನಿಂದ ಬಿದ್ದದ್ದೇ ಊಟ. ವಸಂತದಲ್ಲಿ ಮೇಲ್ನೀರಿನಲ್ಲಿ ಡಯಾಟಮ್ ಎಂಬ ಪಾಚಿ ಹುಲುಸಾಗಿ ಬೆಳೆಯುತ್ತಿತ್ತು. ಗಾಜಿನಂಥ ಚಿಪ್ಪಿನ ಭಾರದಿಂದ ಅದು ಬೇಗ ಮುಳುಗಿ, ಕೊಳೆಯುವ ಮೊದಲೇ ತಳ ಸೇರುತ್ತಿತ್ತು. ಅದರ ಒಳ್ಳೆಯ ಕೊಬ್ಬನ್ನು ಡೈಪೊರಿಯಾ ಮೈಯಲ್ಲಿ ಕೂಡಿಟ್ಟುಕೊಂಡು ಮುಂದಿನ ತಿಂಗಳುಗಳನ್ನು ಕಳೆಯುತ್ತಿತ್ತು. ನಿಧಾನವಾಗಿ ಇಳಿಯುವ ಆಹಾರದ ಸತ್ವವನ್ನೋ, ಬ್ಯಾಕ್ಟೀರಿಯಾಗಳು ದಾರಿಯಲ್ಲೇ ತಿಂದುಬಿಡುತ್ತವೆ.

1980ರ ದಶಕದ ಕೊನೆಗೆ, ಹಡಗುಗಳು ಸಮತೋಲಕ್ಕೆಂದು ತುಂಬಿಕೊಂಡ ನೀರಿನೊಂದಿಗೆ, ಯುರೋಪಿನ ಕಡೆಯ ಚಿಪ್ಪುಜೀವಿಗಳು ಅಲ್ಲಿಗೆ ಬಂದವು. ನಮ್ಮ ಕಲ್ಲುಮ್ಮಕಾಯಿಯಂತೆ ನೀರು ಸೋಸಿ ತಿನ್ನುವಂಥವು. 1990ರ ದಶಕದಲ್ಲಿ ಡೈಪೊರಿಯಾ ಕುಸಿಯುತ್ತ ಹೋಯಿತು. ಅದನ್ನು ನಂಬಿದ್ದ ವೈಟ್‌ಫಿಶ್ ಮೀನುಗಳೂ ಬಡಕಲಾದವು. ಕಾರಣದ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಆದರೆ ಸತ್ವದ ಪಾಚಿಯನ್ನು ಚಿಪ್ಪುಗಳು ಮೊದಲೇ ಸೋಸಿಕೊಳ್ಳುವುದು ನಿಜ. ಅವು ಹೊರಹಾಕಿದ ಕಸವೂ ತಳಕ್ಕೇ ಬೀಳುತ್ತದೆ. ತೂಕ ಉಂಟು, ಸತ್ವ ಕಡಿಮೆ.

ಬ್ಯಾಂಕಿನ ಗುಮಾಸ್ತನಾದ ನನಗೆ ಮೊತ್ತ ತಾಳೆಯಾದರೆ ಸಮಾಧಾನ. ಮನೆಗೆಲಸಕ್ಕೆ ಬರುವ ಹೆಂಗಸಿಗೆ ವರ್ಷಗಟ್ಟಲೆ ನಾವು ಕೊಟ್ಟದ್ದು ನಿನ್ನೆಯ ಅನ್ನ, ತಳ ಹಿಡಿದ ಸಾರು. ಎಷ್ಟು ಕೊಟ್ಟೆವೆಂಬ ಲೆಕ್ಕ ನನ್ನಲ್ಲಿತ್ತು. ಎಂಥದ್ದು ಕೊಟ್ಟೆವೆಂಬುದಕ್ಕೆ ಕಾಲಮ್ಮೇ ಇರಲಿಲ್ಲ. ಒಮ್ಮೆ ಆಕೆ ಅದನ್ನು ಗೇಟಿನಾಚೆ ನಾಯಿಗೆ ಸುರಿಯುವುದನ್ನು ಕಂಡು ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟು ನೆನಪಾದರೆ ಈಗ ನಾಚಿಕೆಯಾಗುತ್ತದೆ.

ಸರೋವರಕ್ಕೆ ಮನಸ್ಸಿಲ್ಲ, ಚಿಪ್ಪಿಗೆ ಪಾಪವಿಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ನಾನು ಸಿಕ್ಕಿಬೀಳುವುದು ಅಲ್ಲಿಯೇ: ಚಿಪ್ಪು ಸೋಸದೆ ಬದುಕಲಾರದು, ನಾನು ಬದುಕಬಲ್ಲೆ. ಉಳಿದದ್ದನ್ನು ಎಸೆಯುವುದಕ್ಕಿಂತ ಕೊಡುವುದು ಮೇಲು, ಅದೂ ಸರಿ. ಆದರೆ ಒಳ್ಳೆಯದನ್ನೆಲ್ಲ ಸೋಸಿಕೊಂಡು, ಮಿಕ್ಕದ್ದಕ್ಕೆ ದಾನವೆಂದು ಹೆಸರಿಟ್ಟು, ಮೇಲೆ ಕೃತಜ್ಞತೆಯನ್ನೂ ಬಯಸಿದೆನಲ್ಲ, ಅದು ತಪ್ಪು.

ಈಗ ನಮ್ಮಲ್ಲಿ ಅನ್ನ ಬಸಿದ ಕೂಡಲೇ, ನಾವು ಬಡಿಸಿಕೊಳ್ಳುವ ಮೊದಲು, ಆಕೆಯ ಪಾಲನ್ನು ತೆಗೆದಿಡುತ್ತೇವೆ. ಮೊದಲ ದಿನ ಬಿಸಿ ಪಾತ್ರೆ ಮುಟ್ಟಿ ಆಕೆ ಮಲಯಾಳದಲ್ಲಿ ಕೇಳಿದಳು, "ಇವತ್ತೇನು ವಿಶೇಷ?" ನನ್ನಲ್ಲಿ ಉತ್ತರವಿರಲಿಲ್ಲ.