ಪದವಿ ಪಡೆದ ವರ್ಷ ಯಾರ ತಪ್ಪು?



ಒಂದೇ ಮನೆಯ ಅಕ್ಕ, ತಮ್ಮ ಒಂದೇ ಕಾಲೇಜಿನಲ್ಲಿ ಬಿಎಸ್ಸಿ ಓದಿದರು ಎಂದಿಟ್ಟುಕೊಳ್ಳಿ. ಅಂಕಗಳೂ ಹೆಚ್ಚುಕಡಿಮೆ ಸಮ. ಅಕ್ಕ 2018ರಲ್ಲಿ ಮುಗಿಸಿ ಕೆಲಸಕ್ಕೆ ಸೇರಿದಳು. ತಮ್ಮ ಮುಗಿಸಿದ್ದು 2020ರಲ್ಲಿ, ಲಾಕ್‌ಡೌನ್ ಸಮಯ. ಇಂದಿಗೂ ಅವನು ಅವಳಷ್ಟು ಮುಂದೆ ಬಂದಿಲ್ಲ. ನಾವೇನು ಹೇಳುತ್ತೇವೆ? "ಅವಳು ಹುಷಾರು, ಇವನಿಗೆ ಆಸಕ್ತಿ ಸಾಲದು." ವರ್ಷದ ಮಾತನ್ನು ಯಾರೂ ಎತ್ತುವುದಿಲ್ಲ.

ಆದರೆ ವರ್ಷಕ್ಕೆ ದೊಡ್ಡ ಪಾಲಿದೆ. ಕೆನಡಾದ ಪದವೀಧರರ ಸಂಬಳವನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಆರ್ಥಿಕ ಹಿಂಜರಿತದಲ್ಲಿ ಹೊರಬಂದವರ ಸಂಬಳ ಮೊದಲಿಗೆ ಸುಮಾರು ಶೇಕಡಾ 9ರಷ್ಟು ಕಡಿಮೆ ಇತ್ತು. ಆ ಕೊರತೆ ತುಂಬಲು ಹತ್ತು ವರ್ಷ ಹಿಡಿಯಿತು. ಸಿಕ್ಕಿದ ಕೆಲಸಕ್ಕೆ ಸೇರಿ, ಅಲ್ಲಿಂದ ಉತ್ತಮವಾದ ಇನ್ನೊಂದಕ್ಕೆ ಹೋದವರು ಬೇಗ ಚೇತರಿಸಿಕೊಂಡರು. (ನಮ್ಮಲ್ಲಿ ಹಾಗೆ ಮಾಡಿದವನಿಗೆ 'ಒಂದು ಕಡೆ ನಿಲ್ಲದವನು' ಎಂಬ ಬಿರುದು!)

ಹಾಗಾದರೆ ಮಕ್ಕಳನ್ನು ಓದಿಸಿದ್ದೇ ದಂಡವೋ? 2023-24ರ ಕೇಂದ್ರ ಸರಕಾರದ ಸಮೀಕ್ಷೆಯಂತೆ ಕೇರಳದಲ್ಲಿ 15ರಿಂದ 29 ವಯಸ್ಸಿನವರ ನಿರುದ್ಯೋಗ ಶೇಕಡಾ 29.9, ಯುವತಿಯರಲ್ಲಿ ಶೇಕಡಾ 47.1. ಇಷ್ಟು ಓದಿದ ರಾಜ್ಯದಲ್ಲೇ ಹೀಗೆ. ಓದದವನಿಗೆ ಕಾಯಲು ಆಗುವುದಿಲ್ಲ, ಸಿಕ್ಕಿದ ಕೂಲಿಗೆ ಹೋಗುತ್ತಾನೆ. ಓದಿದವರು ಓದಿಗೆ ತಕ್ಕದ್ದನ್ನು ಕಾಯುತ್ತಾರೆ, ಪಿ.ಎಸ್.ಸಿ. ರ‍್ಯಾಂಕ್ ಪಟ್ಟಿ ನೋಡುತ್ತಾ ವರ್ಷಗಳು ಹೋಗುತ್ತವೆ. ಓದು ದಂಡವೆಂದು ನಾನು ಒಪ್ಪುವುದಿಲ್ಲ. ಆದರೆ ಓದು ನಿರೀಕ್ಷೆಯನ್ನೂ ಬೆಳೆಸುತ್ತದೆ. ಆದ್ದರಿಂದ ಬಿದ್ದ ಪೆಟ್ಟು ಹೆಚ್ಚು ನೋಯುತ್ತದೆ.

ಸಂಬಳ ಹತ್ತು ವರ್ಷಕ್ಕೆ ಸರಿಹೋದೀತು. ಮನಸ್ಸು? ಆಸ್ಟ್ರಿಯಾದ ಮಾರಿಯೆಂಟಾಲ್ ಎಂಬ ಹಳ್ಳಿಯಲ್ಲಿ ಇದ್ದ ಒಂದೇ ಬಟ್ಟೆ ಗಿರಣಿ ಮುಚ್ಚಿದಾಗ ಸಂಶೋಧಕಿ ಮರೀ ಯಹೋಡಾ ಮತ್ತು ಸಂಗಡಿಗರು ಅಲ್ಲಿನ ಜೀವನವನ್ನು ದಾಖಲಿಸಿದರು. 1933ರಲ್ಲಿ ಬಂದ ಆ ಪುಸ್ತಕದಲ್ಲಿ ನನ್ನನ್ನು ಬಹಳ ಕಾಡುವ ಸಂಗತಿ ಇದು: ಜನರಿಗೆ ಸಮಯ ಬೇಕಾದಷ್ಟಿತ್ತು, ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿಯಿತು. ಗಂಡಸರು ರಸ್ತೆಯಲ್ಲಿ ನಡೆಯುವ ವೇಗವೂ ಕಡಿಮೆಯಾಯಿತು.

"ಕೆಲವರು ನಿಜವಾಗಿ ಸೋಮಾರಿಗಳಲ್ಲವೇ?" ಎಂದು ಹಿರಿಯರು ಕೇಳುತ್ತಾರೆ. ಇರಬಹುದು. ಆದರೆ ಮಾರಿಯೆಂಟಾಲ್‌ನ ಬೀದಿಯನ್ನು ಹೊರಗಿನವನೊಬ್ಬ ನೋಡಿದ್ದರೆ, ಇವರು ಸೋಮಾರಿಗಳು, ಅದಕ್ಕೇ ಕೆಲಸವಿಲ್ಲ ಎಂದು ಹೇಳುತ್ತಿದ್ದ. ನಡೆದದ್ದು ಅದರ ತಿರುಗುಮುರುಗು.

ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿ ಸಂಜೆಯವರೆಗೂ ಸಂತೆಬೀದಿಯಲ್ಲಿ ನಿಂತವರಿದ್ದಾರೆ. ಯಾಕೆ ಸುಮ್ಮನೆ ನಿಂತಿದ್ದೀರಿ ಎಂದಾಗ, ನಮ್ಮನ್ನು ಯಾರೂ ಕರೆಯಲಿಲ್ಲ ಎನ್ನುತ್ತಾರೆ. ದ್ರಾಕ್ಷಿತೋಟದ ಯಜಮಾನ ಆ ಉತ್ತರವನ್ನು ನಂಬಿದ. ಬೇರೆ ಕಾರಣ ಹುಡುಕಲಿಲ್ಲ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ "ಏನು ಮಗಾ, ಕೆಲಸ ಆಯಿತಾ?" ಎಂದು ಕೇಳುವ ನಮಗೆ ಅದೇ ಉತ್ತರ ಸಾಕಾಗುವುದಿಲ್ಲ. ಪ್ರೀತಿಯಿಂದಲೇ ಕೇಳುತ್ತೇವೆ, ನಿಜ. ಆದರೆ ಆ ಪ್ರಶ್ನೆಗೆ ಹೆದರಿ ಅಂಗಳಕ್ಕೇ ಬಾರದ ಯುವಕ ಯುವತಿಯರು ನನಗೆ ಗೊತ್ತು.

ನಮ್ಮ ಯುವಜನರ ನೋಂದಣಿ ಪುಸ್ತಕದಲ್ಲಿ ಹೆಸರಿನ ಪಕ್ಕದಲ್ಲೇ 'ಉದ್ಯೋಗ' ಎಂಬ ಕಾಲಂ ಇದೆ. ಕೆಲವರು ಅಲ್ಲಿ ಗೆರೆ ಎಳೆದು ಬಿಡುತ್ತಾರೆ. ಆ ಕಾಲಂ ಬೇಡ ಎಂದು ಗುರುಗಳಲ್ಲಿ ಕೇಳಿದ್ದೇನೆ. ಮುಂದಿನ ಸಭೆಯಲ್ಲಿ ಮಾತಾಡೋಣ ಎಂದಿದ್ದಾರೆ.