30 ಬೆಳ್ಳಿ ನಾಣ್ಯ, 24 ದಿನದ ಕೂಲಿ

 

ನಮ್ಮ ಸಭೆಯಲ್ಲಿ ಹಣೆಗೆ ಬೂದಿ ಹಚ್ಚಿ ಲೆಂಟ್ ಆರಂಭಿಸುವ ಪದ್ಧತಿ ಇಲ್ಲ. ಆದರೂ ಈ 40 ದಿನ ನಿಮ್ಮಲ್ಲಿ ಅನೇಕರು ಉಪವಾಸ ಮಾಡ್ತಿದ್ದೀರಿ. ಕೆಲವರು ಮಾಂಸ ಬಿಟ್ಟಿದ್ದೀರಿ, ಕೆಲವರು ಇನ್‌ಸ್ಟಾಗ್ರಾಂ ಬಿಟ್ಟಿದ್ದೀರಿ. ಒಳ್ಳೆಯದು. ಆದರೆ ಪರಿಶುದ್ಧಾತ್ಮನು ಈ ವಾರ ನನ್ನ ಹೃದಯದಲ್ಲಿಟ್ಟ ಪ್ರಶ್ನೆ ಬೇರೆ: ನಾನು ಯಾರಿಗೆ ದ್ರೋಹ ಮಾಡಿದ್ದೀನಿ?

ಮತ್ತಾಯ 26ನೇ ಅಧ್ಯಾಯ, 14ರಿಂದ 16ನೇ ವಚನ ತೆಗೆಯಿರಿ. ಇಸ್ಕರಿಯೋತ ಯೂದನು ಮಹಾಯಾಜಕರ ಹತ್ತಿರ ಹೋಗಿ ಯೇಸುವಿಗೆ ಬೆಲೆ ಕೇಳಿದ. 30 ಬೆಳ್ಳಿ ನಾಣ್ಯ ಸಿಕ್ಕಿತು. ಈಗ ವಿಮೋಚನಕಾಂಡ 21:32 ನೋಡಿ. ಎತ್ತು ಹಾದು ಒಬ್ಬ ದಾಸ ಸತ್ತರೆ ಯಜಮಾನನಿಗೆ ಕೊಡಬೇಕಾದ ಪರಿಹಾರವೂ 30 ಶೆಕೆಲ್ ಬೆಳ್ಳಿ. ಪ್ರಿಯರೇ, ರಾಜಾಧಿರಾಜನಿಗೆ ಜನ ಕಟ್ಟಿದ್ದು ಒಬ್ಬ ದಾಸನ ಬೆಲೆ! ಯಾರಿಗೆ ಲೋಕ ಕಡಿಮೆ ಬೆಲೆ ಕಟ್ಟುತ್ತದೋ ಅವರ ಸಾಲಿನಲ್ಲೇ ನಮ್ಮ ಕರ್ತನು ನಿಂತಿದ್ದಾನೆ.

ಇದೇ ಯೂದನು ಯೋಹಾನ 12ರಲ್ಲಿ ಬಡವರ ಪರವಾಗಿ ಮಾತಾಡ್ತಾನೆ. ಮರಿಯಳು ಸುಗಂಧ ತೈಲ ಸುರಿದಾಗ, ಅದನ್ನು 300 ದಿನಾರಿಗೆ ಮಾರಿ ಬಡವರಿಗೆ ಕೊಡಬಹುದಿತ್ತು ಅನ್ನೋದು ಅವನ ವಾದ. ದಿನಾರಿ ಅಂದ್ರೆ ಒಬ್ಬ ಕೂಲಿಯಾಳಿನ ದಿನದ ಸಂಬಳ. ವಾದ ಚೆನ್ನಾಗಿದೆ. ಆದರೆ ಹಣದ ಚೀಲ ಅವನ ಕೈಯಲ್ಲೇ ಇತ್ತು, ಅದರಿಂದ ಕದೀತಾ ಇದ್ದ. ಬಾಯಲ್ಲಿ ಬಡವರು, ಜೇಬಲ್ಲಿ ಬಡವರ ದುಡ್ಡು.

ಯೂದನನ್ನು ಬೈಯೋದು ಸುಲಭ. ನನ್ನ ಸಾಕ್ಷಿ ಹೇಳ್ತೀನಿ. 2020ರ ಲೆಂಟ್ ಕಾಲ. ಬೆಂಗಳೂರಲ್ಲಿ ಕಂಪನಿ ಕೆಲಸ ಮಾಡ್ತಾ ಯೂತ್ ಮೀಟಿಂಗ್ ನಡೆಸ್ತಿದ್ದೆ. ಉಪವಾಸದಲ್ಲಿದ್ದೆ. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂದ್ರು. ಮನೆಕೆಲಸದ ಅಕ್ಕನಿಗೆ ಫೋನ್ ಮಾಡಿ, "ನಾಳೆಯಿಂದ ಬರಬೇಡಿ, ಎಲ್ಲಾ ಸರಿಯಾದ ಮೇಲೆ ಲೆಕ್ಕ ಮಾಡೋಣ" ಅಂದೆ. 24 ದಿನ ದುಡಿದಿದ್ದರು. ನನ್ನ ಸಂಬಳ ತಿಂಗಳ ಕೊನೆಗೆ ಅಕೌಂಟಿಗೆ ಬಂತು. ಅವರ ಸಂಬಳ ನನ್ನ ಹತ್ತಿರವೇ ಉಳೀತು. ಏಪ್ರಿಲ್ 12ಕ್ಕೆ ಈಸ್ಟರ್ ಬಂತು. ಆನ್‌ಲೈನಲ್ಲಿ ಕೈಯೆತ್ತಿ ಆರಾಧನೆ ಮಾಡಿದೆ. ಅವರ ನೆನಪೇ ಬರಲಿಲ್ಲ.

ಅವರು ರಾಯಚೂರು ಕಡೆಯವರು, ಊರಿಗೆ ಹೋಗಿಬಿಟ್ಟಿದ್ದರು. ಎಷ್ಟೋ ತಿಂಗಳ ನಂತರ ಧರ್ಮೋಪದೇಶಕಾಂಡ 24:15 ಓದುವಾಗ ನನ್ನ ಕೈ ನಡುಗಿತು. ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗುವ ಮೊದಲೇ ಕೊಡಬೇಕು. ಇಲ್ಲದಿದ್ದರೆ ಆ ಬಡವನ ಕೂಗು ದೇವರಿಗೆ ಮುಟ್ಟುತ್ತದೆ. ಹುಡುಕಿಕೊಂಡು ಹೋಗಿ ಹಣ ಕೊಟ್ಟೆ. ಅವರು ಬೈಯಲಿಲ್ಲ. "ಪ್ರಾರ್ಥನಾ ಮಾಡೋ ಮಂದಿ ಅದೀರಿ, ಕೊಟ್ಟೇ ಕೊಡ್ತೀರಿ ಅಂತ ದಾರಿ ನೋಡಿದೆ ಅಣ್ಣಾರ" ಅಂದ್ರು. ಅಷ್ಟೇ. ಯೂದನು ಮುದ್ದಿಟ್ಟು ಹಿಡಿದುಕೊಟ್ಟ. ನಾನು ಪ್ರಾರ್ಥನೆ ಮಾಡುತ್ತಾ ದ್ರೋಹ ಮಾಡಿದ್ದೆ.

ಯೆಶಾಯ 58 ಓದಿ. ಉಪವಾಸದ ದಿನವೇ ಕೆಲಸದವರನ್ನು ಹಿಂಸಿಸುವವರನ್ನು ದೇವರು ಅಲ್ಲಿ ಗದರಿಸುತ್ತಾನೆ. ಆತನಿಗೆ ಬೇಕಾದ ಉಪವಾಸ ನೊಗ ಮುರಿಯುವುದು, ಹಸಿದವನ ಜೊತೆ ರೊಟ್ಟಿ ಹಂಚಿಕೊಳ್ಳುವುದು.

ಹಾಗಾದರೆ ದ್ರೋಹ ಮಾಡಿದವನಿಗೆ ನಿರೀಕ್ಷೆ ಇದೆಯಾ? ಇದೆ, ಹಲ್ಲೆಲೂಯಾ! ಯೂದನೂ ಪಶ್ಚಾತ್ತಾಪಪಟ್ಟು ಹಣ ಹಿಂದಕ್ಕೆ ಕೊಟ್ಟ. ಆದರೆ ಯೇಸುವಿನ ಹತ್ತಿರ ಬರಲಿಲ್ಲ. ಪೇತ್ರನು ಇದ್ದಲಿನ ಬೆಂಕಿಯ ಪಕ್ಕದಲ್ಲಿ ನಿಂತು ಮೂರು ಸಾರಿ ಯೇಸುವನ್ನು ಅಲ್ಲಗಳೆದ. ಯೋಹಾನ 21ರಲ್ಲಿ ಎದ್ದುಬಂದ ಯೇಸು ಮತ್ತೆ ಇದ್ದಲಿನ ಬೆಂಕಿ ಹಾಕಿ, ಮೀನು ಸುಟ್ಟು, ತಿನ್ನು ಬಾ ಅಂತ ಕರೆದನು. ಮೂರು ಸಾರಿ ಪ್ರೀತಿ ಇದೆಯಾ ಅಂತ ಕೇಳಿದನು. ಕ್ಷಮಿಸಿ ಸುಮ್ಮನೆ ಕಳಿಸಲಿಲ್ಲ, ತನ್ನ ಕುರಿಗಳನ್ನು ಅವನ ಕೈಗೆ ಒಪ್ಪಿಸಿದನು. ಕ್ಷಮೆ ಹೊಂದಿದವನಿಗೆ ಇನ್ನೊಬ್ಬರ ಹೊಟ್ಟೆಯ ಜವಾಬ್ದಾರಿಯೂ ಬರುತ್ತದೆ.

ನನ್ನ ತಮ್ಮಂದಿರೇ, ತಂಗಿಯರೇ, ಇವತ್ತು ಸೂರ್ಯ ಮುಳುಗುವ ಮೊದಲು ಒಂದು ಕೆಲಸ ಮಾಡಿ. ಅಡುಗೆಯವರಿಗೆ, ಕ್ಯಾಬ್ ಅಣ್ಣನಿಗೆ, ರೂಮ್‌ಮೇಟ್‌ಗೆ ಬಾಕಿ ಇದ್ದರೆ ಕೊಟ್ಟುಬಿಡಿ. ನಿಮ್ಮ ತಪ್ಪನ್ನು ಟೀಮಲ್ಲಿ ಬೇರೊಬ್ಬರ ತಲೆಗೆ ಕಟ್ಟಿದ್ದರೆ ಫೋನ್ ಮಾಡಿ ಒಪ್ಪಿಕೊಳ್ಳಿ. ಆಮೇಲೆ ಉಪವಾಸ ಮುಂದುವರಿಸಿ.

ಪ್ರಾರ್ಥಿಸೋಣ. ನಂಬಿಗಸ್ತನಾದ ಕರ್ತನೇ, ನಾವು ಕೈಬಿಟ್ಟಾಗಲೂ ನೀನು ನಮ್ಮನ್ನು ಬಿಡಲಿಲ್ಲ. ನಮ್ಮನ್ನು ನಂಬಿದವರಿಗೆ ನಾವೂ ನಂಬಿಗಸ್ತರಾಗಿರುವಂತೆ ಕೃಪೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.